ಬಾಯಿ ತೆರೆದು ನಿಂತ ರಾಜ

“ನೋಡ್ರಿ ಸಾರ್, ನಾ ಏಳನೇತ್ತೆ ತನಕ ಕಲ್ತಾಂವ. ಕಂಪ್ಯೂಟರ್ ನಂಗ ತಿಳಿಯಂಗಿಲ್ಲ, ಅದು ನನ್ನ ಮಗಳ ಬಾಬ್ತು. ಆದ್ರ ತಿರಗೋ ಸಾಮಾನು ಯಾವ್ದರ ಇರ್ಲಿ, ಅದು ನಂಗ ಗೊತ್ತೈತಿ. ಲೇತ್ ಮುಂದ ನಿಂತು ಇಪ್ಪತ್ತೆಂಟು ವರ್ಷ ಆತು. ಕಬ್ಬಿಣ ತಿರಗತೈತಿ, ಉಳಿ ಮುಟ್ಟತೈತಿ, ಸುರುಳಿ ಬೀಳತೈತಿ. ನಿಮ್ಮ ಡಿಸ್ಕಿನ್ಯಾಗೂ ಹಂಗ ಸುರುಳಿ ಗೆರಿ ಬರೀತಾರಂತ, ಒಳಗಿಂದ ಹೊರಗ. ನನ್ನ ಮಗಳು ಹೇಳ್ಯಾಳ. ಹಂಗಂದಮ್ಯಾಲ ಇದೂ ಒಂದು ಸಣ್ಣ ಲೇತ್ ಆತು, ಹೌದಿಲ್ಲೋ? ಉಳಿ ಬದ್ಲಿ ಬೆಳಕೈತಿ, ಅಷ್ಟ. ಈಗ ನೀವ ಹೇಳ್ರಿ, ಬೋಲ್ಟಿಗೆ ಥ್ರೆಡ್ ಕೊರಿಯೋ ಹೊತ್ತಿನ್ಯಾಗ ಯಾವ ಶ್ಯಾಣ್ಯಾ ಮಶೀನು ಜೋರ್ ಬಿಡ್ತಾನ್ರಿ? ಜೋರ್ ಬಿಟ್ರ ಗೆರಿ ಹರದು ಹೋಗತೈತಿ. ನಟ್ಟು ಅರ್ಧಕ್ಕ ಬಂದು ನಿಂದರತೈತಿ. ನಮ್ಮ ರಾಜಾನೂ ಹಂಗ ಅರ್ಧಕ್ಕ ಬಂದು ನಿಂತಾನ್ರಿ, ಬಾಯಿ ತಕ್ಕೊಂಡು. ಅದಕ್ಕ ನಂಗ ಜೋರ್ ಓಡೋದು ಬ್ಯಾಡ. ಎಲ್ಲಾಕಿಂತ ನಿಧಾನ ಓಡೋದು ಯಾವ್ದೈತಿ, ಅದನ್ನ ತಗೀರಿ.”

ಟಿ. ದಾಸರಹಳ್ಳಿಯ ಬೇಕರಿಯೊಂದರ ಮಹಡಿಯ ಮೇಲಿನ ಕಂಪ್ಯೂಟರ್ ಅಂಗಡಿಯಲ್ಲಿ ಒಂದು ಶುಕ್ರವಾರ ಸಂಜೆ ಚನಬಸಪ್ಪ ಮಾಡಿದ ಭಾಷಣ ಇದು. ಅಂಗಡಿಯ ಭಾನುಪ್ರಕಾಶ್ ಡಿವಿಡಿ ರೈಟರಿನ ನಾಲ್ಕು ಡಬ್ಬಿಗಳನ್ನು ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದರ ವೇಗವನ್ನೂ ಹೊಗಳುವುದಕ್ಕೆ ಸಿದ್ಧನಾಗಿದ್ದ. ಎತ್ತಿಕೊಂಡ ಡಬ್ಬಿಯನ್ನು ಹಾಗೇ ಕೆಳಗಿಟ್ಟ.

“ಸಾರ್, ಎಂಟು ವರ್ಷದಿಂದ ಅಂಗಡಿ ಇಟ್ಟಿದೀನಿ,” ಎಂದ. “ಎಷ್ಟು ಸ್ಪೀಡು ಅಂತ ಕೇಳೋರನ್ನ ದಿನಾ ನೋಡ್ತೀನಿ. ಎಷ್ಟು ನಿಧಾನ ಅಂತ ಕೇಳ್ದೋರು ನೀವೊಬ್ರೇ.”

ಮಗಳು ಭುವನೇಶ್ವರಿ ಕೈಯಲ್ಲಿದ್ದ ಚೀಟಿಯನ್ನು ಮಡಚಿದಳು. ಕಾಲೇಜಿನ ಗೆಳತಿಯರನ್ನೆಲ್ಲ ವಿಚಾರಿಸಿ, ಅತಿ ವೇಗದ ರೈಟರು ಯಾವುದು ಎಂದು ಬರೆದುಕೊಂಡು ಬಂದ ಚೀಟಿ ಅದು. “ಅಪ್ಪಾ, ನನ್ನ ಫ್ರೆಂಡ್ಸ್ ಕೇಳಿದ್ರೆ ನಗ್ತಾರೆ,” ಎಂದಳು.

“ನಗಲಿ ಬಿಡು. ಊರ ಮಂದಿ ಆಗ್ಲೇ ನಕ್ಕಾರ, ಅದರಾಗ ಇವರೂ ಇಬ್ಬರು ಮೂವರು.”

ಊರ ಮಂದಿ ನಕ್ಕದ್ದೇ ಎಲ್ಲದಕ್ಕೂ ಮೂಲ. ಚನಬಸಪ್ಪ ರೋಣದ ಕಡೆಯವನು. ಹನ್ನೆರಡು ವರ್ಷದವನಿದ್ದಾಗ ಮನೆಯಲ್ಲಿ ಹೇಳದೆ ಪಕ್ಕದ ಊರಿಗೆ ನಾಟಕ ನೋಡಲು ಓಡಿಹೋಗಿದ್ದ. ಹಿಂತಿರುಗಿ ಬಂದವನ ಕಿವಿ ಹಿಂಡಿದ ಅಕ್ಕ, “ನಾಟಕದಾಗ ರಾಜಾ ಆಗ್ತೀಯೇನೋ? ನಿನ್ನ ದನಿ ತುಕ್ಕ ಹಿಡದ ಬಾಗಲದಂಗ ಐತಿ. ನಿನ್ನ ಯಾರ ರಾಜಾ ಮಾಡ್ತಾರ?” ಎಂದಿದ್ದಳು. ಕಿವಿಯ ನೋವು ಅವತ್ತೇ ಹೋಯಿತು. ಮಾತು ಮಾತ್ರ ಅವನ ಜೊತೆಗೆ ಬಸ್ಸು ಹತ್ತಿ ಪೀಣ್ಯಕ್ಕೂ ಬಂತು.

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಅವರ ಕಡೆಯವರು ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಒಂದು ನಾಟಕ ಆಡುತ್ತಿದ್ದರು. ಅದರಲ್ಲಿ ಚನಬಸಪ್ಪನಿಗೆ ಹದಿನೆಂಟು ವರ್ಷದಿಂದ ಒಂದೇ ಪಾತ್ರ, ದ್ವಾರಪಾಲಕನದು. ಈಟಿ ಹಿಡಿದು ನಿಲ್ಲಬೇಕು. ರಾಜ ಬರುವ ಹೊತ್ತಿಗೆ “ರಾಜಾಧಿರಾಜ ಮಹಾರಾಜರು ಬರುತ್ತಿದ್ದಾರೆ, ಬಹುಪರಾಕ್!” ಎಂದು ಕೂಗಬೇಕು. ಅಷ್ಟಾದರೆ ಅವನ ಕೆಲಸ ಮುಗಿಯಿತು. ನಾಟಕ ಯಾವುದಾದರೇನು, ದ್ವಾರಪಾಲಕನ ಮಾತು ಬದಲಾಗುವುದಿಲ್ಲ. ಪ್ರತಿ ಅಕ್ಟೋಬರಿನಲ್ಲೂ ಅವನು ಸ್ನಾನ ಮಾಡುವಾಗ, ಸೈಕಲ್ ತುಳಿಯುವಾಗ, ಲೇತ್ ತಿರುಗಿಸುವಾಗ ಅದನ್ನೇ ಕೂಗಿ ಕೂಗಿ ಹದ ಮಾಡುತ್ತಿದ್ದ. ವಠಾರದವರು ಅದನ್ನು ಕೇಳಿಯೇ ದೀಪಾವಳಿ ಹತ್ತಿರ ಬಂತೆಂದು ತಿಳಿಯುತ್ತಿದ್ದರು.

ಆ ವರ್ಷ ಚಿಕೂನ್‌ಗುನ್ಯಾ ಬಂತು. ಬೀದಿಬೀದಿಯಲ್ಲಿ ಜನ ಮೊಣಕಾಲು ಹಿಡಿದುಕೊಂಡು ಓಡಾಡಿದರು. ರಾಜನ ಪಾತ್ರದ ಯಮನಪ್ಪನಿಗೆ ನಾಟಕಕ್ಕೆ ಆರು ದಿನ ಇರುವಾಗ ಜ್ವರ ಹಿಡಿದು, ಸಿಂಹಾಸನ ಹತ್ತುವುದಿರಲಿ, ಪಾಯಖಾನೆಯ ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ತಾಲೀಮಿನಲ್ಲಿ ದಿನವೂ ರಾಜನ ಮಾತುಗಳನ್ನು ಬಾಗಿಲಲ್ಲಿ ನಿಂತು ಕೇಳಿದವನು ಚನಬಸಪ್ಪನೊಬ್ಬನೇ. ಕಿರೀಟ ಅವನ ತಲೆಗೆ ಬಂತು. ಈಟಿ ಅವನದೇ ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಮಾಡುವ ಮುತ್ತಣ್ಣನ ಕೈಗೆ ಹೋಯಿತು.

ನಾಟಕವೂ ಆಯಿತು. ಜನ ಹೊಟ್ಟೆ ತುಂಬ ನಕ್ಕು, ಚಪ್ಪಾಳೆ ಹೊಡೆದರು. ರಾಜನ ಪ್ರವೇಶಕ್ಕೇ ಅಷ್ಟು ಚಪ್ಪಾಳೆ ಬಿದ್ದದ್ದು ಕಂಡು ಚನಬಸಪ್ಪನ ಎದೆ ಮೇಳದ ಡೋಲಿನಂತಾಯಿತು. ಒಂದೇ ಒಂದು ಬೇಸರ: ಮಾರನೆಯ ದಿನದಿಂದ ಮುತ್ತಣ್ಣ ಅವನೊಡನೆ ಸರಿಯಾಗಿ ಮಾತನಾಡಲಿಲ್ಲ. ಊಟದ ಡಬ್ಬಿಯನ್ನೂ ಬೇರೆ ಕಡೆ ಒಯ್ದು ಬಿಚ್ಚತೊಡಗಿದ. “ಹೊಟ್ಟಿಕಿಚ್ಚು,” ಎಂದು ಚನಬಸಪ್ಪ ಹೆಂಡತಿ ದುರ್ಗವ್ವನಿಗೆ ಹೇಳಿದ. “ನಾ ರಾಜಾ ಆಗಿದ್ದು ಅವಗ ಸೇರವಲ್ದು.” ದುರ್ಗವ್ವ ಏನೋ ಹೇಳಲು ಹೋಗಿ, ಮಗಳ ಮುಖ ನೋಡಿ, ಸುಮ್ಮನೆ ರೊಟ್ಟಿ ತಟ್ಟಿದಳು.

ನಾಟಕವನ್ನು ಯಾರೋ ಕ್ಯಾಮೆರಾದಲ್ಲಿ ಹಿಡಿದಿದ್ದರು, ಅದು ಭುವನೇಶ್ವರಿಯ ಹಳೆಯ ಕಂಪ್ಯೂಟರಿಗೆ ಬಂದು ಕೂತಿತ್ತು. ರಾಜನ ವೇಷದ ತನ್ನನ್ನು ತಾನೇ ನೋಡಲು ನಾಚಿ, ಚನಬಸಪ್ಪ ಅದನ್ನು ಹಾಕಿಸಿ ನೋಡಿರಲಿಲ್ಲ. ಆ ಕಂಪ್ಯೂಟರ್ ಡಿಸ್ಕು ಓದುತ್ತಿತ್ತು, ಬರೆಯುತ್ತಿರಲಿಲ್ಲ. ಚನಬಸಪ್ಪ ಬೀದಿ ಕೊನೆಯ ಸೈಬರ್ ಸೆಂಟರಿನಲ್ಲಿ ಒಂದು ಡಿಸ್ಕು ಬರೆಸಿ ಊರಿಗೆ ಕಳಿಸಿದ. ಸೈಬರಿನವನು ಟೀ ಕುಡಿದು ಮುಗಿಸುವುದರೊಳಗೆ ಬರೆದುಕೊಟ್ಟಿದ್ದ. ನಾಲ್ಕನೆಯ ದಿನ ಅಕ್ಕನ ಫೋನು ಬಂತು.

“ಏ ಚನ್ನ್ಯಾ, ರಾಜಾ ಆಗೀನಿ ಅಂದಿದ್ದಿ. ಆಗೀದಿ, ಖರೆ. ಕಿರೀಟ ಐತಿ, ಮೀಸಿ ಐತಿ. ಆದ್ರ ಬಾಯಿ ತಕ್ಕೊಂಡ ನಿಂತಾಂವ ಮುಚ್ಚವಲ್ಲಿ, ಮಾತೂ ಆಡವಲ್ಲಿ. ಓಣಿ ಮಂದಿ ಎಲ್ಲಾ ನೋಡಾಕ ಬಂದು ಕುಂತಿದ್ರು. ‘ಪಾಪ, ಮಾತು ಮರತಾನ’ ಅಂದ್ರು. ಬಾಯಾಗ ನೊಣ ಹೊಕ್ಕೀತು ಅಂತ ನನ್ನ ಸೊಸಿ ಟಿವಿ ಆರಿಸಿದ್ಳು.”

“ಯಕ್ಕಾ, ನಾ ಮಾತು ಮರತಿಲ್ಲ! ಡಿಸ್ಕು ನಿಂತೈತಿ!”

“ಡಿಸ್ಕು ಯಾಕ ಮಾತು ಮರೀತೈತಿ?” ಎಂದಳು ಅಕ್ಕ.

ಎಳ್ಳಮವಾಸ್ಯೆ ಹತ್ತಿರವಿತ್ತು. ಆ ದಿನ ಬಂಧುಬಳಗವೆಲ್ಲ ಹೊಲದಲ್ಲಿ ಉಂಡು, ಸಂಜೆಗೆ ಅಕ್ಕನ ಮನೆಯಲ್ಲಿ ಸೇರುತ್ತದೆ. ಅಷ್ಟರೊಳಗೆ ರಾಜ ಮಾತಾಡಿ ಬಾಯಿ ಮುಚ್ಚದೆ ಹೋದರೆ, ‘ಮಾತು ಮರೆತ ರಾಜ’ ಎಂಬ ಅಡ್ಡಹೆಸರು ಅವನ ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲ. ಪಕ್ಕದ ಮನೆಯಲ್ಲೇ ಇದ್ದ ದುರ್ಗವ್ವನ ತಮ್ಮ ಇರಣ್ಣ ಭಾನುವಾರ ಸಂಜೆಯ ಬಸ್ಸಿಗೆ ಊರಿಗೆ ಹೊರಟಿದ್ದ. ಡಿಸ್ಕು ಅವನ ಕೈಗೆ ಸೇರಬೇಕು. ಸೈಬರಿನವನನ್ನು ನಿಧಾನಕ್ಕೆ ಬರೆದುಕೊಡೆಂದು ಕೇಳಿದರೆ, “ಹಿಂದೆ ಕ್ಯೂ ನೋಡಿ ಅಣ್ಣಾ,” ಎಂದ. ಹೀಗಾಗಿ ಚನಬಸಪ್ಪ ಶುಕ್ರವಾರ ಭಾನುಪ್ರಕಾಶನ ಅಂಗಡಿಯ ಮೆಟ್ಟಿಲು ಹತ್ತಿದ್ದು.

ಅವನು ಆರಿಸಿದ ರೀತಿಯನ್ನು ಭಾನುಪ್ರಕಾಶ್ ಆಮೇಲೆ ಎಷ್ಟೋ ಜನಕ್ಕೆ ಹೇಳಿ ನಕ್ಕಿದ್ದುಂಟು. ಡಬ್ಬಿಯ ಮೇಲೆ ಬರೆದದ್ದನ್ನು ಚನಬಸಪ್ಪ ನೋಡಲೇ ಇಲ್ಲ. ನಾಲ್ಕನ್ನೂ ಹೊರಗೆ ತೆಗೆಸಿ, ಸಂತೆಯಲ್ಲಿ ಕುಂಬಳಕಾಯಿ ತೂಗಿದ ಹಾಗೆ ಅಂಗೈ ಮೇಲೆ ತೂಗಿದ. ಒಂದನ್ನು ತಕ್ಷಣ ಪಕ್ಕಕ್ಕೆ ಸರಿಸಿದ.

“ಇದು ಹಪ್ಪಳ. ತಳ ಭಾರ ಇಲ್ದ ಮಶೀನು ತಿರಗೋ ಮುಂದ ಕುಣೀತೈತಿ.”

“ಸಾರ್, ಅದೇ ಜಾಸ್ತಿ ಸೇಲ್ ಆಗೋದು.”

“ಹಪ್ಪಳಾನೂ ಭಾಳ ಖರ್ಚಾಗತಾವ್ರಿ.”

ಉಳಿದ ಮೂರನ್ನು ಒಂದಾದ ಮೇಲೊಂದು ಅಂಗಡಿಯ ಕಂಪ್ಯೂಟರಿಗೆ ಹಾಕಿಸಿದ. ಹೊರಬಂದ ತಟ್ಟೆಯ ಅಂಚಿಗೆ ತೋರುಬೆರಳಿಟ್ಟು, ಮಗುವಿನ ಹಾಲುಹಲ್ಲು ಅಲ್ಲಾಡಿಸಿದಷ್ಟು ಮೆಲ್ಲಗೆ ಅಲ್ಲಾಡಿಸಿದ. ಒಂದರ ತಟ್ಟೆ ಸಡಿಲವಿತ್ತು, ಅದೂ ಹೋಯಿತು. ಎರಡು ಉಳಿದವು. ಡಿಸ್ಕು ಹಾಕಿ ತಿರುಗಿಸಿದಾಗ ಕಣ್ಣು ಮುಚ್ಚಿ ಕಿವಿ ಹತ್ತಿರ ತಂದ. ಮೊದಲನೆಯದು ಸಿಳ್ಳೆ ಹಾಕಿತು. ಎರಡನೆಯದು ಊಟ ಮಾಡಿ ಮಲಗಿದ ಎಮ್ಮೆಯ ಹಾಗೆ ಗುಮ್ಮೆಂದಿತು.

“ಇದರ ಎಲ್ಲಾಕಿಂತ ಕಡಿಮಿ ಓಟ ಎಷ್ಟು?”

ಭಾನುಪ್ರಕಾಶ್ ಪರದೆಯಲ್ಲಿ ನೋಡಿ, “ನಾಲ್ಕು ಸಾರ್. ಮಿಕ್ಕವೆಲ್ಲ ಆರು, ಎಂಟರ ಮೇಲೆ,” ಎಂದ. ಹೇಳುವಾಗ ಅವನಿಗೇ ಯಾಕೋ ನಾಚಿಕೆಯಾಯಿತು.

“ನಾಕು ಸಾಕು,” ಎಂದ ಚನಬಸಪ್ಪ. ಎಮ್ಮೆ ಮನೆಗೆ ಬಂತು.

ಅಪ್ಪ ಮಗಳು ಸೇರಿ ಅವತ್ತೇ ಅದನ್ನು ಕಂಪ್ಯೂಟರಿಗೆ ಕೂರಿಸಿದರು. ಭುವನೇಶ್ವರಿ ತಂತಿ ಚುಚ್ಚಿದಳು. ನಾಲ್ಕು ಸ್ಕ್ರೂಗಳನ್ನು ಚನಬಸಪ್ಪ ಎಷ್ಟು ಹದವಾಗಿ ಬಿಗಿ ಮಾಡಿದನೆಂದರೆ, ನಾಲ್ಕರ ತಲೆಯ ಗೀರೂ ಒಂದೇ ದಿಕ್ಕಿಗೆ ನಿಂತವು. ದುರ್ಗವ್ವ ಅರಿಶಿನ ಕುಂಕುಮ ಇಟ್ಟಳು. ಬರೆಯುವ ಕೆಲಸ ನಾಳೆಗೆ ಎಂದಾಯಿತು.

ಆ ನಾಳೆಯ ಬೆಳಿಗ್ಗೆ ಚನಬಸಪ್ಪನ ಕೈ ತನ್ನ ಪಾಡಿಗೆ ತಾನು ಒಂದು ಕೆಲಸ ಮಾಡಿತು. ಇಪ್ಪತ್ತೆಂಟು ವರ್ಷದಲ್ಲಿ ಅವನು ಒಂದು ಮಶೀನಿಗೂ ಎಣ್ಣೆ ಬಿಡದೆ ಸ್ವಿಚ್ಚು ಹಾಕಿದವನಲ್ಲ. ಮನೆಯ ಹೊಲಿಗೆ ಯಂತ್ರ, ಫ್ಯಾನು, ಸೈಕಲ್ಲು, ಎಲ್ಲಕ್ಕೂ ಅವನ ಉದ್ದ ಮೂತಿಯ ಎಣ್ಣೆ ಡಬ್ಬಿಯ ಪರಿಚಯವಿತ್ತು. ಹೊಸ ಮಶೀನು ಒಣಗಿ ನಿಂತಿರುವಾಗ ಕೆಲಸಕ್ಕೆ ಹೋಗುವುದಾದರೂ ಹೇಗೆ? ಗುಂಡಿ ಒತ್ತಿ ತಟ್ಟೆ ಹೊರಗೆ ತಂದು, ಎರಡು ಬದಿಗೆ ಒಂದೊಂದು ಹನಿ ಬಿಟ್ಟ. ಆಮೇಲೆ ಡಬ್ಬಿಯ ಮೂತಿಯನ್ನು ಮಶೀನಿನ ಬಾಯೊಳಗೆ ತೂರಿಸಿ, ಡಿಸ್ಕನ್ನು ಹಿಡಿದು ತಿರುಗಿಸುವ ಅಚ್ಚಿನ ಹತ್ತಿರ ಇನ್ನೊಂದು ಹನಿ. ನೆನಪಿಗೆ ಬಂದು ಇನ್ನೂ ಒಂದು. ಕೈ ಮುಗಿದು ಕಾರ್ಖಾನೆಗೆ ಹೋದ.

ಸಂಜೆ ಬರುವಾಗ ಬಾಗಿಲಲ್ಲೇ ಮಗಳು ನಿಂತಿದ್ದಳು.

“ಅಪ್ಪಾ, ಮಶೀನು ಯಾವ ಡಿಸ್ಕನ್ನೂ ಓದ್ತಿಲ್ಲ. ಹಾಕಿದ್ದ ಡಿಸ್ಕು ಜಿಡ್ಡುಜಿಡ್ಡಾಗಿ ಹೊರಗೆ ಬರ್ತಿದೆ. ನೀನೇನಾದ್ರೂ ಮಾಡಿದ್ಯಾ?”

“ನಾ ಏನೂ ಮಾಡಿಲ್ಲ. ಎಣ್ಣಿ ಬಿಟ್ಟೀನಿ, ಅಷ್ಟ.”

ಭುವನೇಶ್ವರಿ ಹಣೆ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಕೊನೆಗೆ ಭಾನುಪ್ರಕಾಶನಿಗೆ ಫೋನು ಹಚ್ಚಿ ಅಪ್ಪನ ಕೈಗೇ ಕೊಟ್ಟಳು.

“ಎಣ್ಣೆನಾ? ಯಾವ ಎಣ್ಣೆ ಸಾರ್?”

“ಸ್ಪಿಂಡಲ್ ಆಯಿಲ್ರಿ, ಚಲೋದ ಹಾಕೀನಿ,” ಎಂದ ಚನಬಸಪ್ಪ. ಅಗ್ಗದ್ದು ಹಾಕಿದನೆಂಬ ಮಾತು ಬರಬಾರದಲ್ಲ.

“ಸಾರ್, ವಾರಂಟಿ ಕಾರ್ಡಲ್ಲಿ ನೀರು ಬಿದ್ರೆ, ಬೆಂಕಿ ತಗುಲಿದ್ರೆ, ಸಿಡ್ಲು ಹೊಡೆದ್ರೆ ಆಗಲ್ಲ ಅಂತೆಲ್ಲಾ ಬರ್ದಿದಾರೆ. ಎಣ್ಣೆ ಬಿಟ್ರೆ ಅಂತ ಬರೆಯೋಕೆ ಆ ಕಂಪನಿಯೋರಿಗೂ ಹೊಳ್ದಿಲ್ಲ. ಒಳಗೆ ಒಂದು ಗಾಜಿನ ಕಣ್ಣು ಇರುತ್ತೆ, ಅದಕ್ಕೆ ಜಿಡ್ಡು ಕೂತಿದೆ. ಒರೆಸೋಕೆ ನಂಗೆ ಧೈರ್ಯ ಇಲ್ಲ, ಬೇಕಾದ್ರೆ ನೀವೇ ಒರೆಸ್ಕೊಳ್ಳಿ. ಸ್ಪಿರಿಟ್ ಹಚ್ಚಿ, ಮೆತ್ತಗೆ. ಗೀರು ಬಿದ್ರೆ ಮುಗೀತು.”

ಚನಬಸಪ್ಪ ಮಶೀನು ಬಿಚ್ಚಿ, ಚಾಪೆಯ ಮೇಲೆ ಹಳೆಯ ಪಂಚೆ ಹಾಸಿ ಇಟ್ಟ. ಒಳಗಿನ ಕಣ್ಣು ಒಂದು ಕಡಲೆಬೇಳೆಯಷ್ಟಿತ್ತು. ಅವನ ಬೆರಳು ಒಂದೊಂದೂ ಬದನೆಕಾಯಿಯಷ್ಟು. ಕೂದಲಿನ ದಪ್ಪವನ್ನು ಮುಟ್ಟಿ ಹೇಳುವ ಬೆರಳುಗಳು, ಆದರೆ ಅವಕ್ಕೆ ಗೊತ್ತಿದ್ದದ್ದು ಕಬ್ಬಿಣ. ಒಮ್ಮೆ ಹತ್ತಿರ ಒಯ್ದ, ಹಿಂದಕ್ಕೆ ತೆಗೆದ.

“ಸರೀರಿ ಅತ್ಲಾಗ,” ಎಂದಳು ದುರ್ಗವ್ವ.

ದುರ್ಗವ್ವ ಓದು ಬರಹ ಬಲ್ಲವಳಲ್ಲ. ಆದರೆ ವಠಾರದ ಏಳು ಮನೆಯ ದೇವರಿಗೂ ಹೂಬತ್ತಿ ಅವಳ ಕೈಯದೇ. ಕಾಲ ಪಕ್ಕದ ಬುಟ್ಟಿಯಿಂದ ಹತ್ತಿ ಎಳೆದು, ಅಂಗೈಯಲ್ಲಿ ಹೊಸೆದು, ತುದಿ ಮಾತ್ರ ಹೂವಿನಂತೆ ಬಿಟ್ಟು ಒಂದು ಬತ್ತಿ ಮಾಡಿದಳು. ಇರಣ್ಣ ಓಡಿಹೋಗಿ ಯಮನಪ್ಪನ ಮನೆಯಿಂದ ಸ್ಪಿರಿಟ್ಟಿನ ಶೀಶೆ ತಂದ. ಜ್ವರದ ಇಂಜೆಕ್ಷನ್ನು ಮುಗಿದರೂ ಶೀಶೆ ಉಳಿದಿತ್ತು. ದುರ್ಗವ್ವ ಬತ್ತಿಯ ತುದಿ ಅದ್ದಿ, ಗಾಳಿಗೆ ಆರಿಸಿ, ಮಗುವಿನ ಕಣ್ಣಿನ ಪಿಚ್ಚು ಒರೆಸುವ ಹಾಗೆ ಒಮ್ಮೆ ಸುತ್ತ ತಿರುಗಿಸಿದಳು. ಆ ಬತ್ತಿ ಎಸೆದಳು. ಹೊಸದು ಹೊಸೆದಳು. ಐದು ಬತ್ತಿ ಆದ ಮೇಲೆ ಕಣ್ಣು ನೀಲಿಯಾಗಿ ಮಿನುಗಿತು.

“ಎಣ್ಣಿ ನಿಮ್ಮದು, ಬತ್ತಿ ನಂದು,” ಎಂದಳು ಕೈ ಒರೆಸಿಕೊಳ್ಳುತ್ತ. “ದೀಪ ಹತ್ತದಿದ್ರ ನನ್ನ ಕೇಳಬ್ಯಾಡ್ರಿ.”

ದೀಪ ಹತ್ತಿತು. ಭಾನುವಾರ ಬೆಳಿಗ್ಗೆ ಎಮ್ಮೆ ಮತ್ತೆ ಗುಮ್ಮೆಂದಿತು. ಬರೆಯುವಷ್ಟು ಹೊತ್ತೂ ಚನಬಸಪ್ಪ ಬಾಗಿಲಿಗೆ ಅಡ್ಡ ನಿಂತ. ನೆಲ ಅದುರಿದರೆ ಗೆರೆ ಕೆಡುತ್ತದೆಂದು ಯಾರನ್ನೂ ಓಡಾಡಗೊಡಲಿಲ್ಲ. ಕೆಳಗಿನ ಮನೆಯ ಸೊಣ್ಣಮ್ಮ ಒರಳಲ್ಲಿ ಖಾರ ಕುಟ್ಟಲು ಕೂತಿದ್ದಳು. ಅವಳಿಗೂ ಮೇಲಿಂದಲೇ ಕೈ ಮುಗಿದ.

“ಅಕ್ಕಾರ, ಕಾಲು ತಾಸು ನಿಲ್ಲಸ್ರಿ. ಒಳಗ ಮಶೀನು ಬರಿಯಾಕತ್ತೈತಿ.”

“ಏನು ಮಸೀನೋ ಏನೋ,” ಎಂದಳು ಸೊಣ್ಣಮ್ಮ ಒನಕೆ ಕೆಳಗಿಟ್ಟು. “ಅಂಗಾರೆ ಮದ್ಯಾನ ನೀನೇ ಬಂದು ಕುಟ್ಕೊಡು.”

ಡಿಸ್ಕು ಬೆಚ್ಚಗೆ ಹೊರಗೆ ಬಂತು. ಪಕ್ಕದ ಇರಣ್ಣನ ಮನೆಯ ಹಳೇ ಪ್ಲೇಯರಿಗೆ ಹಾಕಿ ಪರೀಕ್ಷೆ ಮಾಡಿದರು. ಎಲ್ಲರೂ ಟಿವಿಯ ಕಡೆ ನೋಡುತ್ತಿದ್ದರೆ, ಚನಬಸಪ್ಪ ಮಾತ್ರ ಟಿವಿಗೆ ಬೆನ್ನು ಹಾಕಿ, ಪ್ಲೇಯರಿನ ಮೇಲೆ ಕಿವಿ ಇಟ್ಟು ಕೂತಿದ್ದ. ಎಲ್ಲಿ ತಡವರಿಸುತ್ತದೆ, ಎಲ್ಲಿ ಕೆಮ್ಮುತ್ತದೆ ಎಂಬುದೊಂದೇ ಅವನ ಧ್ಯಾನ. ನಾಟಕದ ಒಂದು ಮಾತೂ ಅವನ ಕಿವಿಗೆ ಬೀಳಲಿಲ್ಲ. ರಾಜ ಬರುವ ಜಾಗ ಬಂದಾಗ ಇರಣ್ಣ ಟವೆಲ್ಲನ್ನು ಬಾಯಿಗೆ ತುರುಕಿಕೊಂಡ. ಭುವನೇಶ್ವರಿ ಅವ್ವನ ಕಿವಿಯಲ್ಲಿ, “ಹೇಳಿಬಿಡೋಣ್ವಾ? ಬೇಕಾದ್ರೆ ಅದೊಂದು ಕತ್ತರಿಸಿ ಬೇರೆ ಬರೀತೀನಿ,” ಎಂದಳು.

“ಬ್ಯಾಡ,” ಎಂದಳು ದುರ್ಗವ್ವ ನಗು ತಡೆದುಕೊಂಡು. “ಅವರಕ್ಕ ಹೇಳ್ತಾಳ ತಡಿ.”

“ನಿಂತಿಲ್ಲ!” ಎಂದು ಚನಬಸಪ್ಪ ಕಿವಿ ಎತ್ತಿದ. “ಒಂದು ಕಡೀನೂ ನಿಂತಿಲ್ಲ!” ಡಿಸ್ಕನ್ನು ದುರ್ಗವ್ವನ ಹಳೆಯ ರೇಷ್ಮೆ ಕುಪ್ಪಸದಲ್ಲಿ ಸುತ್ತಿ ಇರಣ್ಣನ ಚೀಲದ ನಡುವೆ, ಸಜ್ಜೆ ರೊಟ್ಟಿಯ ಪಕ್ಕಕ್ಕೆ ಇಟ್ಟ. ಬಸ್ಸು ಹೊರಡುವವರೆಗೂ ಕಿಟಕಿಯ ಹತ್ತಿರ ನಿಂತು, “ಮ್ಯಾಲ ಯಾರನ್ನೂ ಕುಂಡ್ರಸಬ್ಯಾಡ,” ಎಂದು ಹೇಳುತ್ತಲೇ ಇದ್ದ.

ಅಮವಾಸ್ಯೆಯ ಸಂಜೆ ಅಕ್ಕನ ಫೋನು ಬಂತು. ಆ ಕಡೆಯಿಂದ ಬರೀ ನಗು. ಒಬ್ಬರದಲ್ಲ, ಒಂದು ಓಣಿಯದು.

“ಏ ಚನ್ನ್ಯಾ,” ಎಂದಳು ಅಕ್ಕ ಕೊನೆಗೂ ಉಸಿರು ಹಿಡಿದು. “ಯಾವ ರಾಜಾನರ ತನಗ ತಾನ ಬಹುಪರಾಕ್ ಹೇಳಿಕೊಂಡು ಬರ್ತಾನೇನೋ?”

“ಏನಂದಿ?”

“ಪರದೆ ಸರೀತು, ನೀ ಕಿರೀಟ ಹಾಕ್ಕೊಂಡ ಬಂದಿ, ಬಾಯಿ ತಗದಿ, ‘ಮಹಾರಾಜರು ಬರುತ್ತಿದ್ದಾರೆ ಬಹುಪರಾಕ್’ ಅಂತ ನೀನ ಕೂಗಿದಿ! ಬಾಗಲದಾಗ ಒಬ್ಬಾಂವ ಈಟಿ ಹಿಡಕೊಂಡು ನಿಂತಾನ ನೋಡು, ಅವನ ಮಾರಿ ನೋಡಬೇಕು. ತೆರದ ಬಾಯಿ ತೆರದಂಗ! ಯಪ್ಪಾ, ನಕ್ಕು ನಕ್ಕು ಹೊಟ್ಟಿ ನೂಸಾಕತ್ತೈತಿ.”

ಚನಬಸಪ್ಪ ಫೋನು ಹಿಡಿದು ಹಾಗೇ ನಿಂತ. ಬಾಯಿ ತೆರೆದೇ ಇತ್ತು. ಹದಿನೆಂಟು ವರ್ಷದ ಕೂಗು ಅವನಿಗೆ ಗೊತ್ತಿಲ್ಲದ ಹಾಗೆ ಕಿರೀಟದ ಕೆಳಗಿಂದ ಹೊರಗೆ ಬಂದಿತ್ತು. ರಾಜನ ಪ್ರವೇಶಕ್ಕೆ ಬಿದ್ದ ಚಪ್ಪಾಳೆ ಯಾತಕ್ಕೆ, ಮುತ್ತಣ್ಣನ ಊಟದ ಡಬ್ಬಿ ಬೇರೆ ಕಡೆ ಹೋದದ್ದು ಯಾತಕ್ಕೆ, ಎಲ್ಲ ಒಂದೇ ಸಲ ತಿಳಿಯಿತು. ಸೈಬರಿನವನ ಡಿಸ್ಕು ನಿಂತದ್ದೂ ಅದೇ ಜಾಗದಲ್ಲಿ. ಅವನ ಮಾನ ಕಾಯಲೆಂದೇ ನಿಂತಿತ್ತೇನೋ.

ದುರ್ಗವ್ವ ಸೆರಗು ಬಾಯಿಗಿಟ್ಟುಕೊಂಡು ಗೋಡೆ ಕಡೆ ತಿರುಗಿದ್ದಳು. ಮಗಳ ಹೆಗಲು ಕುಣಿಯುತ್ತಿತ್ತು.

“ಯಕ್ಕಾ,” ಎಂದ ಚನಬಸಪ್ಪ. ದನಿ ನಿಜಕ್ಕೂ ತುಕ್ಕು ಹಿಡಿದ ಬಾಗಿಲಿನಂತಾಗಿತ್ತು. “ಎಷ್ಟು ಸರ್ತಿ ನೋಡಿದ್ರಿ ಅದನ್ನ?”

“ಹನ್ನೊಂದು ಸರ್ತಿ. ಅದೊಂದ ಜಾಗಾ ಮತ್ತ ಮತ್ತ ಹಾಕಸ್ಯಾರ. ಈಗ ಹನ್ನೆರಡನೇದು ನಡದೈತಿ.”

“ಎಲ್ಯಾದ್ರೂ ನಿಂತಿತೇನು?”

“ನಿಂದರೋದು ಎಲ್ಲೀದು? ನೀರು ಹರದಂಗ ಹರೀತು.”

ಚನಬಸಪ್ಪನ ಮುಖ ನಿಧಾನವಾಗಿ ಅರಳಿತು. “ಕೇಳಿದ್ಯಾ?” ಎಂದ ಮಗಳ ಕಡೆ ತಿರುಗಿ. “ಹನ್ನೊಂದು ಸರ್ತಿ. ಒಂದ ಜಾಗಾದಾಗ ತಿಕ್ಕಿ ತಿಕ್ಕಿ ನೋಡ್ಯಾರ. ಗೆರಿ ಹರದಿಲ್ಲ. ನಾಕರ ಓಟ ಅಂದ್ರ ಹಂಗ!”

ಮಾರನೆಯ ಬೆಳಿಗ್ಗೆ ಚನಬಸಪ್ಪ ಕಾರ್ಖಾನೆಗೆ ಎಲ್ಲರಿಗಿಂತ ಮೊದಲು ಹೋದ. ಮುತ್ತಣ್ಣ ಬಂದು ತನ್ನ ಮಶೀನಿನ ಹತ್ತಿರ ಬಟ್ಟೆ ಬದಲಾಯಿಸುತ್ತಿದ್ದಾಗ, ಅಲ್ಲಿಗೆ ಹೋಗಿ ನಿಂತ.

“ಮುತ್ತಣ್ಣ, ನಂಗ ಗೊತ್ತಿರ್ಲಿಲ್ಲೋ.”

ಮುತ್ತಣ್ಣ ಗುಂಡಿ ಹಾಕಿಕೊಳ್ಳುತ್ತಲೇ ಹೇಳಿದ: “ನನಗಿದ್ದದ್ದು ಒಂದ ಮಾತು. ನನ್ನ ಹೇಣ್ತಿ ಮಕ್ಕಳು ಅದನ್ನ ಕೇಳಾಕಂತ ಮುಂದ ಬಂದು ಕುಂತಿದ್ರು. ಅದನ್ನೂ ನೀವ ಒದರಿಬಿಟ್ರಿ.”

“ಬರೂ ವರ್ಷ ಯಮನಪ್ಪ ರಾಜಾ, ನೀ ದ್ವಾರಪಾಲಕ. ನಾ ಪರದೆ ಎಳೀತೀನಿ. ಬಾಯಿಗೆ ಟವಲ್ ಕಟ್ಟಿಕೊಂಡು.”

ಮುತ್ತಣ್ಣ ನಗಲಿಲ್ಲ. ಕೊನೆಯ ಗುಂಡಿ ಹಾಕಿ, “ಇವತ್ತು ಏನ್ ಪಲ್ಯ?” ಎಂದ.

“ಪುಂಡಿ ಪಲ್ಯ.”

“ಮಧ್ಯಾಹ್ನ ಇಲ್ಲೇ ಬರ್ರಿ.”

ಚನಬಸಪ್ಪ ತನ್ನ ಲೇತಿನ ಹತ್ತಿರ ಬಂದ. ನಿನ್ನೆಯ ಕಬ್ಬಿಣದ ಸುರುಳಿಗಳನ್ನು ಬ್ರಶ್ಶಿನಿಂದ ಗುಡಿಸಿ ತಟ್ಟೆಗೆ ಹಾಕಿದ. ಹಳೆಯ ಬನಿಯನ್ನಿನ ತುಂಡಿನಿಂದ ಮಶೀನಿನ ಮೈ ಉದ್ದಕ್ಕೂ ಒರೆಸಿದ. ಆಮೇಲೆ ಕಪಾಟಿನಿಂದ ಉದ್ದ ಮೂತಿಯ ಡಬ್ಬಿ ತೆಗೆದು, ಬಗ್ಗಿ, ಲೇತಿನ ತಲೆಯ ಕಡೆಯಿಂದ ಬಾಲದ ಕಡೆಗೆ, ಹದಿನಾಲ್ಕು ತೂತಿಗೂ ಒಂದೊಂದೇ ಹನಿ ಎಣ್ಣೆ ಬಿಡುತ್ತ ಹೋದ.